ಸಾವಿನ ಮನೆಯ ಜರ್ಮನ್ ಧಾಟಿ

ಅಮರಗೋಳ ಅಂದ್ರೆ ಹೊರಗಿನವರಿಗೆ ನೆನಪಾಗೋದು ಎಪಿಎಂಸಿ ಮತ್ತು ಚಿಗರಿ ಬಸ್ಸು. ಹಳೆ ಗುಡಿಗಳ ಹುಚ್ಚು ಇದ್ದವರಿಗೆ ಶಂಕರಲಿಂಗ ದೇವಸ್ಥಾನವೂ ಗೊತ್ತಿರುತ್ತೆ. ಹುಬ್ಬಳ್ಳಿಯವರಿಗೆ ಇದು ಧಾರವಾಡಕ್ಕೆ ಹೋಗುವ ದಾರಿ, ಧಾರವಾಡದವರಿಗೆ ಹುಬ್ಬಳ್ಳಿಗೆ ಬರುವ ದಾರಿ. ನಾನು ಇಲ್ಲಿ ಮನೆ ಮಾಡಿಕೊಂಡ ಮೇಲೆ, ಈ ದಾರಿಯ ಎರಡೂ ತುದಿಯ ಹಳೆ ಚರ್ಚುಗಳಲ್ಲಿ ಹಾಡುವ ಕನ್ನಡ ಹಾಡುಗಳು ಕಿವಿಗೆ ಬಿದ್ದವು. ಮಾತು ಕನ್ನಡದ್ದು, ಧಾಟಿ ಮಾತ್ರ ಎಲ್ಲಿಂದಲೋ ಬಂದದ್ದು. ಎಲ್ಲಿಂದ, ಯಾಕೆ ಅಂತ ಕೆದಕುತ್ತ ಹೋದರೆ ಸುಮಾರು ಎರಡು ಶತಮಾನದ ಕತೆ ಬಿಚ್ಚಿಕೊಂಡಿತು.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಾದರೂ ಬಂದವರಲ್ಲಿ ಬಹಳಷ್ಟು ಮಂದಿ ದಕ್ಷಿಣ ಜರ್ಮನಿಯವರು. ಅವರ ಪಂಥದಲ್ಲಿ ತಲೆಗಿಂತ ಎದೆ ದೊಡ್ಡದು. ದೇವರನ್ನು ಒಪ್ಪಿದರೆ ಸಾಲದು, ಮನಸ್ಸು ಕರಗಬೇಕು. ಕರಗಿಸುವ ಕೆಲಸಕ್ಕೆ ಪ್ರಸಂಗಕ್ಕಿಂತ ಹಾಡೇ ಮೇಲು ಅನ್ನೋದು ಮಾರ್ಟಿನ್ ಲೂಥರ್ ಕಾಲದಿಂದ ಬಂದ ನಂಬಿಕೆ. ಲೂಥರನ ಪಂಥದ ಮೊದಲ ಹಾಡಿನ ಪುಸ್ತಕಗಳು ಅಚ್ಚಾಗಿದ್ದು 1524ರಲ್ಲಿ. ಅಲ್ಲಿಯವರೆಗೆ ಪಾದ್ರಿಗಳು ಮತ್ತು ಗಾಯಕರು ಲ್ಯಾಟಿನ್ನಿನಲ್ಲಿ ಹಾಡುತ್ತಿದ್ದರೆ ಜನ ಬಹುಮಟ್ಟಿಗೆ ಕೇಳಿಸಿಕೊಳ್ಳುವವರು. ಆಮೇಲೆ ಚಮ್ಮಾರ, ನೇಕಾರ, ಅವನ ಹೆಂಡತಿ, ಎಲ್ಲರೂ ತಮ್ಮ ಮನೆಮಾತಿನಲ್ಲೇ ಹಾಡಬೇಕು ಅಂತಾಯ್ತು. ನಮ್ಮ ದಾಸರು ಸಂಸ್ಕೃತ ಬಿಟ್ಟು ಕನ್ನಡದಲ್ಲಿ ಹಾಡಿದ್ದರ ಹಿಂದೆ ಇದ್ದ ಹಟವೂ ಇಂಥದ್ದೇ ಅನ್ಸುತ್ತೆ ನನಗೆ.

ಆದರೆ ಈ ಧರ್ಮಕ್ಕೆ ಹಾಡಿನ ಬಗ್ಗೆ ಭಯವೂ ಅಷ್ಟೇ ಹಳೆಯದು. ಕ್ರಿ.ಶ. 400ರ ಆಸುಪಾಸಿನಲ್ಲಿ ಸಂತ ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ಈ ತಳಮಳ ಬರೆದುಕೊಂಡಿದ್ದಾನೆ. ಚರ್ಚಿನ ಹಾಡು ಕೇಳಿ ತಾನು ಅತ್ತದ್ದು ಅವನಿಗೆ ನೆನಪಿದೆ. ಆದರೆ ಹಾಡಿನ ಮಾತಿಗಿಂತ ದನಿಯೇ ತನ್ನನ್ನು ಹೆಚ್ಚು ಅಲ್ಲಾಡಿಸಿದರೆ ಅದು ಪಾಪ ಅಂತ ಅವನಿಗೆ ಅಳುಕು. ಜ್ಯೂರಿಕ್ಕಿನ ಸುಧಾರಕ ಜ್ವಿಂಗ್ಲಿ ಇನ್ನೂ ಮುಂದೆ ಹೋದ. ಸ್ವತಃ ಹಲವಾರು ವಾದ್ಯ ನುಡಿಸಬಲ್ಲ ಮನುಷ್ಯ, ಆದರೂ ಪೂಜೆಯಿಂದ ಸಂಗೀತವನ್ನೇ ಹೊರಗಿಟ್ಟ. ಅವನ ಕಾಲದಲ್ಲೇ ಅಲ್ಲಿನ ದೊಡ್ಡ ಚರ್ಚಿನ ಆರ್ಗನ್ ಕಳಚಿ ತೆಗೆದರು. ಸಂಗೀತ ಗೊತ್ತಿಲ್ಲದವನು ಹೀಗೆ ಮಾಡಿದ್ದರೆ ಅರಸಿಕ ಅಂದು ಸುಮ್ಮನಾಗಬಹುದಿತ್ತು. ಅದರ ಶಕ್ತಿ ಗೊತ್ತಿದ್ದವನೇ ಹೆದರಿದ.

ಈ ಆಸೆ ಮತ್ತು ಭಯ ಎರಡನ್ನೂ ಹೊತ್ತುಕೊಂಡು ಬಂದವರು ಇಲ್ಲಿ ಇಳಿದಾಗ ನಮ್ಮ ಸೀಮೆಯೇನು ಮೂಕವಾಗಿರಲಿಲ್ಲ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡು. ಮದುವೆಗೆ ಸೋಬಾನೆ. ಮಠದಲ್ಲಿ ಭಜನೆ, ಬಯಲಲ್ಲಿ ದೊಡ್ಡಾಟ. ಹುಬ್ಬಳ್ಳಿಗೆ ಹೆಚ್ಚು ದೂರವಲ್ಲದ ಶಿಶುನಾಳದಲ್ಲಿ ಶರೀಫರು (1819–1889) ತತ್ವಪದ ಕಟ್ಟುತ್ತಿದ್ದದ್ದೂ ಇದೇ ಕಾಲದಲ್ಲಿ. ಇವತ್ತು ಧಾರವಾಡ ಅಂದ ಕೂಡಲೇ ನಾವು ಮನ್ಸೂರ, ಗಂಗೂಬಾಯಿ ಅಂತೀವಲ್ಲ, ಆ ಹಿಂದೂಸ್ತಾನಿ ವೈಭವ ಬಂದದ್ದು ಆಮೇಲೆ.

ಆಗ ಕ್ರೈಸ್ತರಾದವರು ಬಿಟ್ಟುಬಂದದ್ದು ಬರೀ ದೇವರನ್ನಲ್ಲ ಅನ್ನೋದು ನಾವು ಸಾಮಾನ್ಯವಾಗಿ ಯೋಚಿಸದ ವಿಷಯ. ಸೋಬಾನೆ ಪದದಲ್ಲಿ ಗೌರಿ ಇದ್ದಾಳೆ, ಬೀಸುವ ಪದದಲ್ಲಿ ಬಸವಣ್ಣನೋ ಮಲ್ಲಯ್ಯನೋ ಇದ್ದಾನೆ. ದೇವರನ್ನು ಬಿಟ್ಟರೆ ಹಾಡನ್ನೂ ಬಿಡಬೇಕು. ಜಾತಿಯವರು ಹೊರಗೆ ಹಾಕಿದ ಮೇಲೆ ಜೊತೆಗೆ ಕೂತು ಹಾಡುವ ಮಂದಿಯೂ ಇಲ್ಲ. ಅದರಲ್ಲೂ ಸಾವಿನ ಮನೆ. ನಮ್ಮ ಕಡೆ ಹೆಣ್ಣುಮಕ್ಕಳು ಸುಮ್ಮನೆ ಅಳೋದಿಲ್ಲ, ಹಾಡ್ಯಾಡಿ ಅಳ್ತಾರೆ. ಸತ್ತವರ ಗುಣ, ಮಾಡಿದ ಉಪಕಾರ, ಉಳಿಸಿಹೋದ ಜಗಳ ಎಲ್ಲ ಆ ಅಳುವಿನ ರಾಗದಲ್ಲಿ ಬರುತ್ತೆ. ರಾತ್ರಿಯಿಡೀ ಭಜನೆ ನಡೆಯುತ್ತೆ. ಇದೆಲ್ಲ ಒಂದೇ ತಲೆಮಾರಿನಲ್ಲಿ ಕೈತಪ್ಪಿ ಹೋದ ಮನೆಯಲ್ಲಿ, ಮೊದಲ ಸಾವಾದಾಗ, ಹೆಣದ ಮುಂದೆ ಕೂತವರು ಏನು ಹಾಡಿರಬೇಕು?

ಅವರ ಕೈಗೆ ಸಿಕ್ಕಿದ್ದು ಜರ್ಮನ್ ಹಾಡುಗಳ ಕನ್ನಡ ಅನುವಾದ, ಅದೇ ಜರ್ಮನ್ ಧಾಟಿಯಲ್ಲಿ.

ಈ ಅನುವಾದ ಎಷ್ಟು ಕಷ್ಟದ್ದು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಜರ್ಮನ್ ಭಾಷೆಯಲ್ಲಿ ಒತ್ತು ಮುಖ್ಯ. ಒಂದು ಅಕ್ಷರ ಹಗುರ, ಮುಂದಿನದು ಭಾರ. ಅವರ ಎಷ್ಟೋ ಹಾಡುಗಳು ತಾಳ ಬೀಳುವ ಮುಂಚೆಯೇ ಒಂದು ಹಗುರ ಅಕ್ಷರದಿಂದ ಶುರುವಾಗುತ್ತವೆ. ಆ ಜಾಗದಲ್ಲಿ ಕೂರಿಸಲು ಅವರಿಗೆ ಪುಟ್ಟ ಪುಟ್ಟ ಪದಗಳಿವೆ. ಕನ್ನಡದಲ್ಲಿ ಅಂಥ ಪದ ಎಲ್ಲಿ ತರ್ತೀರಿ? ನಮ್ಮ ಲೆಕ್ಕ ಮಾತ್ರೆಯದು, ಗುರು-ಲಘುವಿನದು. ಜೋರು ಬೀಳೋದು ಪದದ ತಲೆಯ ಮೇಲೆ. ‘ಯೇಸು’ ಅನ್ನುವ ಪದವನ್ನೇ ತಗೊಳ್ಳಿ. ಆ ಧಾಟಿಯ ಶುರುವಿಗೆ ಕೂರಿಸಿದರೆ ‘ಯೇ’ ಗಡಿಬಿಡಿಯಲ್ಲಿ ಹಾರಿಹೋಗಿ, ತಾಳ ಪಾಪದ ‘ಸು’ ಮೇಲೆ ಬೀಳುತ್ತೆ. ‘ದೇವರು’ ಅನ್ನೋದು ‘ದೆವಾರು’ ಆಗುತ್ತೆ. ಸಾಲಿನ ಕೊನೆಯಲ್ಲಿ ಜರ್ಮನ್ ಧಾಟಿ ಒಂದು ಸ್ವರವನ್ನ ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತೆ, ಕನ್ನಡದ ಸಾಲು ಮುಗಿಯೋದು ಮೆತ್ತಗಿನ ‘ಉ’ಕಾರದಲ್ಲಿ. ಇಡೀ ಸಭೆ ಸೇರಿ ‘ನುಊಊ’ ಅಂತ ಎಳೆಯಬೇಕು. ನಮ್ಮ ಎರಡನೇ ಅಕ್ಷರದ ಪ್ರಾಸವಂತೂ ಆ ಓಟದಲ್ಲಿ ಯಾರ ಕಿವಿಗೂ ಬೀಳೋದಿಲ್ಲ. ಒಂದು ಪ್ಲಾಟ್‌ಫಾರ್ಮಿಗೆ ಬರೆದ ಕೋಡನ್ನ ಇನ್ನೊಂದಕ್ಕೆ ಎತ್ತಿ ಹಾಕಿದವರಿಗೆ ಈ ಸಂಕಟ ಗೊತ್ತಿರುತ್ತೆ. ಎಲ್ಲ ಕಂಪೈಲ್ ಆಗುತ್ತೆ, ಆದರೆ ಓಡಿಸಿದಾಗ ಕುಂಟುತ್ತೆ.

ಮಿಷನರಿಗಳಿಗೆ ನಮ್ಮ ಹಾಡು ಗೊತ್ತಿರಲಿಲ್ಲ ಅಂತಲೂ ಹೇಳೋ ಹಾಗಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ 1850ರಲ್ಲಿ ‘ದಾಸರ ಪದಗಳು’ ಅಂತ ಹರಿದಾಸರ ಹಾಡುಗಳ ಸಂಗ್ರಹ ಅಚ್ಚು ಹಾಕಿಸಿದ. ಬಾಯಿಂದ ಬಾಯಿಗೆ ಹರಿಯುತ್ತಿದ್ದ ಪುರಂದರ, ಕನಕರನ್ನು ಅಚ್ಚಿನ ಪುಟಕ್ಕೆ ತಂದ ಮೊದಲಿಗರಲ್ಲಿ ಅವನೊಬ್ಬ. ಅಷ್ಟೇ ಅಲ್ಲ, ಅವುಗಳಲ್ಲಿ ಕೆಲವನ್ನು ಜರ್ಮನ್ ಪದ್ಯಕ್ಕೆ ತಿರುಗಿಸಿ 1860ರಿಂದ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದ. ಯೋಚನೆ ಮಾಡಿ ನೋಡಿ: ದಾಸರ ಪದ ಜರ್ಮನಿಗೆ ಹೋಗುತ್ತಿದೆ, ಜರ್ಮನ್ ಹಾಡು ಕನ್ನಡದ ಚರ್ಚಿಗೆ ಬರುತ್ತಿದೆ. ಇವೆರಡೂ ಒಂದು ಕಡೆ ಕೂತು ಮಾತಾಡಲಿಲ್ಲ.

ಮಾತಾಡಿಸಲು ನೋಡಿದವನು ಫರ್ಡಿನೆಂಡ್ ಕಿಟೆಲ್. ನಮಗೆಲ್ಲ ಅವನು 1894ರ ನಿಘಂಟಿನ ಕಿಟೆಲ್ ಅಷ್ಟೇ. ಆದರೆ 1853ರಲ್ಲಿ ಬಂದ ಹೊಸದರಲ್ಲಿ ಧಾರವಾಡ-ಹುಬ್ಬಳ್ಳಿ ಸೀಮೆಯಲ್ಲಿ ಕನ್ನಡ ಕಲಿತ ಈ ತರುಣನಿಗೆ ಬೇರೆಯೇ ಒಂದು ಆಸೆ ಇತ್ತು. 1862ರಲ್ಲಿ ಅವನು ‘ಕಥಾಮಾಲೆ’ ಪ್ರಕಟಿಸಿದ. ಯೇಸುವಿನ ಕತೆ, ನಮ್ಮ ಛಂದಸ್ಸಿನಲ್ಲಿ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದ. ಕನ್ನಡದ ಸಾಲು ಎಲ್ಲಿ ಉಸಿರಾಡುತ್ತೆ ಅಂತ ಇವನಷ್ಟು ತಿಳಿದ ಮಿಷನರಿ ಇನ್ನೊಬ್ಬನಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಹಳೆ ಚರ್ಚುಗಳ ಭಾನುವಾರದ ದನಿ ಇವತ್ತಿಗೂ ಬಹುಪಾಲು ಆ ಅನುವಾದದ ಹಾಡುಗಳದ್ದೇ. ಕಿಟೆಲ್ ನಿಘಂಟಾಗಿ ಉಳಿದ, ಹಾಡಾಗಿ ಉಳಿಯಲಿಲ್ಲ.

ತಮಿಳರಲ್ಲಿ ಹೀಗಾಗಲಿಲ್ಲ. ತಂಜಾವೂರಿನ ವೇದನಾಯಗಂ ಶಾಸ್ತ್ರಿ (1774–1864) ಮಿಷನರಿಗಳ ಕೈಯಲ್ಲೇ ಬೆಳೆದರೂ ಕರ್ನಾಟಕ ಸಂಗೀತದ ರಾಗ-ತಾಳದಲ್ಲಿ ಕ್ರೈಸ್ತ ಕೀರ್ತನೆ ಕಟ್ಟಿದರು. ಮರಾಠಿಯಲ್ಲಿ, 1895ರಲ್ಲಿ ಕ್ರೈಸ್ತರಾದ ಕವಿ ನಾರಾಯಣ ವಾಮನ ಟಿಳಕರು ವಾರಕರಿಗಳ ಅಭಂಗದ ದಾರಿ ಹಿಡಿದರು. ಇಬ್ಬರೂ ಮೊದಲೇ ಕವಿಗಳು, ಆ ಭಾಷೆಯಲ್ಲಿ ಹುಟ್ಟಿದವರು. ಕನ್ನಡದಲ್ಲೂ ದೇಶೀ ಧಾಟಿಯ ಕೀರ್ತನೆಗಳು ಬಂದವು, ಹಾಡ್ತಾರೆ ಕೂಡ. ಆದರೆ ಇಡೀ ಸಮುದಾಯದ ಕಿವಿ ತಿರುಗಿಸುವಂಥ ಒಬ್ಬ ಟಿಳಕ ಹುಟ್ಟಲಿಲ್ಲ.

ದೇಶೀ ಧಾಟಿಗೆ ಆ ಕಾಲದ ಮಿಷನರಿಗಳ ಸಾಮಾನ್ಯ ಆಕ್ಷೇಪ ಅಂದ್ರೆ ಅದರ ‘ಹಳೆ ಸಹವಾಸ’. ಗುಡಿಯದ್ದೋ ಆಟದ್ದೋ ರಾಗ ಕೇಳಿದರೆ ಹಳೆ ದೇವರು, ಹಳೆ ಸುಖ ನೆನಪಾಗಿಬಿಡುತ್ತೆ ಅನ್ನೋ ಅಂಜಿಕೆ. ಅಂಜಿಕೆಗೆ ಅರ್ಥ ಇಲ್ಲದಿಲ್ಲ. ಧಾಟಿ ನೆನಪನ್ನ ಎಳೆದು ತರೋದು ನಿಜ. ಆದರೆ ಅವರದೇ ಮನೆಯ ಒಂದು ಕತೆ ಕೇಳಿ. ಜರ್ಮನ್ನರ ಗುಡ್ ಫ್ರೈಡೇಯ ಅತಿ ಪವಿತ್ರ ಧಾಟಿ, ಮುಳ್ಳಿನ ಕಿರೀಟ ತೊಟ್ಟ ಯೇಸುವಿನ ಮುಖ ನೆನೆದು ಹಾಡುವಂಥದ್ದು, ಬಾಕ್ 1727ರ ತನ್ನ ‘ಸಂತ ಮತ್ತಾಯನ ಪ್ಯಾಶನ್’ನಲ್ಲಿ ಮತ್ತೆ ಮತ್ತೆ ಬಳಸಿದ ಧಾಟಿ, ಹುಟ್ಟಿದ್ದು 1601ರಲ್ಲಿ ಹಾಸ್ಲರ್ ಎಂಬಾತನ ಪ್ರೇಮಗೀತೆಯಾಗಿ! ಹುಡುಗಿಯೊಬ್ಬಳಿಂದ ತಲೆಕೆಟ್ಟವನ ಹಾಡದು. ಮುಂದಿನ ಅರ್ಧ ಶತಮಾನದಲ್ಲಿ ಅದು ಚರ್ಚಿನದ್ದಾಯಿತು. ಅವಳು ಯಾರಿಗೂ ನೆನಪಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ಬಾಸೆಲ್ ಮಿಷನ್ನಿನ ಹಳೆ ಮನೆತನ. ಹೊರಗೆ ಪೆಂಡಾಲು, ಪ್ಲಾಸ್ಟಿಕ್ ಕುರ್ಚಿ, ಬೆಂಗಳೂರಿನಿಂದ ಹೊರಟ ಮಕ್ಕಳು ಎಲ್ಲಿಗೆ ಬಂದರು ಅನ್ನೋ ಫೋನು. ಒಳಗೆ ಹೆಣ್ಣುಮಕ್ಕಳ ಅಳು ಏರಿ ಏರಿ ಎಲ್ಲಿ ನಿಲ್ಲುತ್ತೋ ಅನ್ನುವಾಗ, ಮೂಲೆಯಲ್ಲಿ ಕೂತಿದ್ದ ಎಂಬತ್ತು ದಾಟಿದ ಅಜ್ಜಿ ಹಾಡೊಂದನ್ನ ಎತ್ತಿಕೊಂಡರು. ಅದೇ ಅನುವಾದದ ಹಾಡು, ಒಂದೊಂದು ಸ್ವರ ಮೆಟ್ಟಿಲು ಹತ್ತುವ ಆ ಧಾಟಿ. ಎರಡನೇ ಸಾಲಿಗೆ ನಾಲ್ಕೈದು ದನಿ ಸೇರಿದವು, ನಾಲ್ಕನೇ ಸಾಲಿಗೆ ಪೆಂಡಾಲಿನ ಗಂಡಸರೂ ಸೇರಿದರು. ಯಾರ ಕೈಯಲ್ಲೂ ಪುಸ್ತಕ ಇರಲಿಲ್ಲ. ‘ಉ’ಕಾರ ಎಳೆದರು, ತಾಳ ತಪ್ಪು ಅಕ್ಷರದ ಮೇಲೇ ಬಿತ್ತು. ಆದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದ ಸ್ವರಗಳನ್ನ ಅವರು ಜಾರಿಸಿ ಜಾರಿಸಿ, ನಮ್ಮೂರಿನ ಹಾಡ್ಯಾಡಿ ಅಳುವ ಹೆಂಗಸರ ಹಾಗೇ ಎಳೆಯುತ್ತಿದ್ದರು. ಬಾಸೆಲ್ಲಿನ ಯಾವ ಪಾದ್ರಿಯೂ ಅದನ್ನ ಕಲಿಸಿರಲಾರ. ಅಳು ನಿಂತಿರಲಿಲ್ಲ, ಹಾಡಿನೊಳಗೆ ಬಂದು ಕೂತಿತ್ತು. ನಾನು ಆ ಧರ್ಮದವನಲ್ಲ, ಆದರೂ ನನ್ನ ಗಂಟಲು ಕಟ್ಟಿತು.

ಸ್ವಲ್ಪ ದಿನ ಬಿಟ್ಟು ಅಜ್ಜಿಯನ್ನ ಕೇಳಿದೆ: “ಅಜ್ಜಿ, ಅವತ್ತ ಹಾಡಿದ್ರಲ್ಲ, ಅದು ಜರ್ಮನಿ ಧಾಟಿ ಅಂತ ಗೊತ್ತೈತೇನ್ರಿ?”

“ಜರ್ಮನೀದೋ ಎಲ್ಲೀದೋ ಯಾರಿಗ್ಗೊತ್ತಪಾ. ನಮ್ಮವ್ವ ಬೀಸೂಮುಂದ ಹಾಡ್ತಿದ್ಲು.”

ಬೀಸುವ ಕಲ್ಲಿಗೆ ಜರ್ಮನ್ ಧಾಟಿ! ಬಿಟ್ಟುಬಂದ ಹಾಡಿನ ಜಾಗ ಹೀಗೆ ತುಂಬಿತ್ತು. ಇವು ಪರದೇಶಿ ಹಾಡು, ಬಿಟ್ಟು ನಮ್ಮ ಸಂಗೀತ ತನ್ನಿ ಅಂತ ಇವರಿಗೆ ಉಪದೇಶ ಮಾಡುವವರು ಚರ್ಚಿನ ಒಳಗೂ ಹೊರಗೂ ಇದ್ದಾರೆ. ಅಂಥವರು ಒಂದು ಸಲ ಇಂಥ ಮನೆಯಲ್ಲಿ ಒಂದು ತಾಸು ಕೂರಬೇಕು. ತಾಯಿಯ ಕಲ್ಲಿನ ಜೊತೆ ಕಿವಿಗೆ ಬಿದ್ದದ್ದು ಎರಡನೇ ಸಲವೂ ಬಿಟ್ಟುಬಿಡು ಅಂದರೆ ಹೇಗೆ?

ಪರದೇಶಿ ಅಂತ ಲೆಕ್ಕ ಹಿಡಿದರೆ ನಮ್ಮ ಭಜನೆಯೂ ಸಿಕ್ಕಿಬೀಳುತ್ತೆ. ನಮ್ಮೂರಲ್ಲಿ ಪೇಟಿ ಮಾಸ್ತರರು ಬರದೆ ಭಜನೆ ಶುರುವಾಗ್ತಿರಲಿಲ್ಲ. ಆ ಪೇಟಿ, ಅಂದರೆ ಹಾರ್ಮೋನಿಯಂ, ಪ್ಯಾರಿಸ್ಸಿನ ದೆಬೇನ್ ಎಂಬಾತ 1842ರಲ್ಲಿ ಪೇಟೆಂಟ್ ಪಡೆದ ಕಾಲುತಿದಿಯ ವಾದ್ಯ. ಭಾರತಕ್ಕೆ ಅದನ್ನ ಹೊತ್ತು ತಂದವರಲ್ಲಿ ಮಿಷನರಿಗಳೂ ಇದ್ದರು. 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುತ್ತ ಇನ್ನೊಂದರಲ್ಲಿ ನುಡಿಸುವ ಹಾಗೆ ಮಾಡಿದ. ಗಮಕ ಬಾರದ ವಾದ್ಯ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದಕ್ಕೆ ಬಹಿಷ್ಕಾರವನ್ನೇ ಹಾಕಿತ್ತು. ನಮ್ಮೂರ ಭಜನೆಯವರು ಆ ಬಹಿಷ್ಕಾರ ಕೇಳಿಸಿಕೊಂಡಂತಿಲ್ಲ.

ನಮ್ಮೂರ ಭಜನೆಯ ಇನ್ನೊಂದು ನೆನಪು: ಹಾಡುವವರು ಗಂಡಸರು, ಹೆಂಗಸರು ಆಚೆ ಕಂಬಕ್ಕೆ ಒರಗಿ ಕೇಳುವವರು. ಚರ್ಚಿನಲ್ಲಿ ಹೆಣ್ಣುಮಕ್ಕಳು ಗಂಡಸರ ಸಮಕ್ಕೆ ಗಂಟಲೆತ್ತಿ ಹಾಡೋದು ನೋಡಿದಾಗ ನನಗೆ ಧಾಟಿ ಯಾವ ದೇಶದ್ದು ಅನ್ನೋದಕ್ಕಿಂತ ಅದೇ ದೊಡ್ಡ ಸಂಗತಿ ಅನಿಸಿತ್ತು.

ಈಗ ಚರ್ಚುಗಳಿಗೆ ಕೀಬೋರ್ಡು, ಡ್ರಮ್ ಪ್ಯಾಡ್ ಬಂದಿವೆ. ಯೂಟ್ಯೂಬಿನ ಹೊಸ ಆರಾಧನಾ ಗೀತೆಗಳು ಹುಡುಗರ ಬಾಯಲ್ಲಿವೆ. ಸಿನಿಮಾ ಹಾಡಿನ ನಡಿಗೆ, ಒತ್ತು ಎಲ್ಲ ಕನ್ನಡದ ಸರಿಯಾದ ಅಕ್ಷರದ ಮೇಲೇ ಬೀಳುತ್ತೆ. ಹಳೆ ಹಾಡು ಬಂದಾಗ ಮಾತ್ರ ತೊಂದರೆ. ಕೀಬೋರ್ಡಿನ ರಿದಮ್ಮಿಗೆ ಜಾರಿಸೋದು, ಎಳೆಯೋದು ಗೊತ್ತಿಲ್ಲ. ಹಿರಿಯರು ಎರಡು ಹೆಜ್ಜೆ ಹಿಂದೆ ಬೀಳ್ತಾರೆ. ಮೊನ್ನೆ ಒಂದು ಭಾನುವಾರ ನುಡಿಸುತ್ತಿದ್ದ ಹುಡುಗ ಒಂದು ಚರಣ ಹೇಗೋ ತಳ್ಳಿದ. ಆಮೇಲೆ ರಿದಮ್ ಬಂದ್ ಮಾಡಿ ಬರೀ ಸ್ವರ ಹಿಡಿದ. ಮುಂದಿನ ಸಾಲಿನ ಅಜ್ಜಿಯರು ತಮ್ಮ ಚಾಲಿನಲ್ಲೇ ಹಾಡಿದರು, ಅವನು ಅವರ ಬಾಯಿ ನೋಡಿಕೊಂಡು ಹಿಂದೆ ಹಿಂದೆ ನುಡಿಸುತ್ತ ಬಂದ.