ನಮ್ಮ ನೆಲದ ಒಳಗನ್ನು ನೋಡಿದವರು

ಮೈಸೂರು ಸಂಸ್ಥಾನವು 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆದು ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಒಪ್ಪಿಸಿತು. ದಿಗ್ಗೇವಾಡಿ ಆಗ ಮೈಸೂರಿಗೆ ಸೇರಿರಲಿಲ್ಲ. ಆದರೂ ಫೂಟ್ ಸಾಹೇಬರಿಗೆ ಈ ಸೀಮೆ ಹೊಸದೇನಲ್ಲ. ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯ ಕುರಿತ ಅವರ ವರದಿ 1876ರಲ್ಲೇ ಬಂದಿತ್ತು. ಗೋಕಾಕದ ಹತ್ತಿರ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನೂ ಅವರು ವರ್ಣಿಸಿದ್ದರು. ನಮ್ಮ ಪಕ್ಕದಲ್ಲೇ ಘೇಂಡಾಮೃಗ!

1956ರ ಏಕೀಕರಣದಿಂದ ನಾವೂ ಆ ಇಲಾಖೆಯ ವ್ಯಾಪ್ತಿಗೆ ಬಂದೆವು. ಗಣಿ ಮತ್ತು ಭೂವಿಜ್ಞಾನ ಇಲಾಖೆ ಎಂದರೆ ಊರವರಿಗೆ ಉಸುಕು, ಕಲ್ಲಿನ ಪರವಾನಿಗೆಯಷ್ಟೇ ನೆನಪು. ಬಾವಿಗಳ ನೀರಿನ ಮಟ್ಟ ಅಳೆಯುವುದೂ ಬಹುಕಾಲ ಅದರ ಕೆಲಸವಾಗಿತ್ತು. ನನಗೆ ಅದೇ ದೊಡ್ಡದು. ನಮ್ಮ ಎರಿಮಣ್ಣಿನ ಕೆಳಗಿರುವುದು ಲಾವಾ ಹೆಪ್ಪುಗಟ್ಟಿದ ಕರಿಕಲ್ಲು. ಅದರ ಬಿರುಕು, ಶಿಥಿಲವಾದ ಪದರಗಳಲ್ಲೇ ನೀರು. ಆದ್ದರಿಂದಲೇ ಒಬ್ಬರ ಬೋರಿಗೆ ನೀರು, ಬದುವಿನಾಚೆ ಬರೀ ಧೂಳು. ಸಾಲ ಮಾಡಿ ಕೊರೆಯಿಸುವ ಮುಂಚೆ ಭೂವಿಜ್ಞಾನಿಯನ್ನು ಕೇಳುವವರು ಇಂದಿಗೂ ಕಡಿಮೆ. ತೆಂಗಿನಕಾಯಿ ಹಿಡಿದವರನ್ನೇ ಮೊದಲು ಕರೆಯುತ್ತೇವೆ.