ಕಪಾಟಿನಲ್ಲಿ ದೊರೆತ ಓಡ: ಮಾದರಿ ದೋಣಿಗಳು ಹೇಳುವ ಚರಿತ್ರೆ

ಶತಮಾನೋತ್ಸವದ ಸಿದ್ಧತೆಗಾಗಿ ಕಳೆದ ಬೇಸಗೆ ರಜೆಯಲ್ಲಿ ಶಾಲೆಯ ಹಳೆಯ ಕಪಾಟುಗಳನ್ನು ತೆರೆದು ದಾಖಲೆಗಳನ್ನು ವಿಂಗಡಿಸುತ್ತಿದ್ದಾಗ, ಹಾಜರಿ ಪುಸ್ತಕಗಳ ಹಿಂದೆ ಒಂದು ಮೊಳ ಉದ್ದದ ಮರದ ದೋಣಿಯೊಂದು ದೊರೆಯಿತು. ಅದರ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿರಲಿಲ್ಲ; ಅಂಚಿನುದ್ದಕ್ಕೂ ಸಣ್ಣ ತೂತುಗಳನ್ನು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯಲಾಗಿತ್ತು. ಮಾಡಿದವರ ಹೆಸರಿಲ್ಲ, ಇಸವಿಯಿಲ್ಲ, ದಾಸ್ತಾನು ಪುಸ್ತಕದಲ್ಲಿ ಉಲ್ಲೇಖವೂ ಇಲ್ಲ. ಗುಜರಿಗೆ ಹಾಕಬೇಕಾದ ವಸ್ತುಗಳ ರಾಶಿಗೆ ಅದನ್ನು ಸೇರಿಸಿದವಳು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಂದು ಸಮಿತಿಯ ಸಭೆಗೆ ಬಂದಿದ್ದ, ಎಂಬತ್ತು ದಾಟಿದ ಹಳೆವಿದ್ಯಾರ್ಥಿಯೊಬ್ಬರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, “ಟೀಚರೇ, ಇದು ಬರೀ ಆಟದ ಸಾಮಾನಲ್ಲ. ಹೀಗೆ ಹೊಲಿದ ಓಡದಲ್ಲಿ ಹೊಳೆ ದಾಟಿ ನಾನು ಶಾಲೆಗೆ ಬಂದವ” ಎಂದರು.

ಆ ಒಂದು ಮಾತಿನಿಂದ ಈ ಲೇಖನ ಹುಟ್ಟಿತು.

ಹನ್ನೆರಡು ನದಿಗಳ ಜಿಲ್ಲೆ ನಮ್ಮದು. ಅವುಗಳಲ್ಲಿ ಚರಿತ್ರೆಯ ಭಾರವನ್ನು ಹೆಚ್ಚಾಗಿ ಹೊತ್ತಿರುವುದು ಚಂದ್ರಗಿರಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿಯೆಂಬ ಹೆಸರಿನಿಂದ ಸುಳ್ಯವನ್ನು ಹಾದು ಬರುವ ಈ ನದಿಯನ್ನು ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನವರು ಭಾವಿಸಿದ್ದರು. ಕೆಳದಿಯ ಶಿವಪ್ಪನಾಯಕನ ಕಾಲದ ಕೋಟೆ ಅದರ ದಡದಲ್ಲಿದೆ. 1801ರಲ್ಲಿ ಮಲಬಾರಿನಿಂದ ಉತ್ತರಕ್ಕೆ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ಈ ನದಿಯನ್ನು ದಾಟಿಯೇ ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ಕಡೆಗೆ ಸಾಗಿದನು. ಗಡಿಯೆಂದರೆ ಗೋಡೆಯೆಂದು ನಾವು ಇಂದು ತಿಳಿಯುತ್ತೇವೆ. ಹೊಳೆಯ ಗಡಿಯಲ್ಲಾದರೋ ಕಡವು ಇರುತ್ತದೆ, ದೋಣಿಯಿರುತ್ತದೆ, ದಾಟಿಸುವವನಿರುತ್ತಾನೆ. ಮೊಗವೀರರು ಆರಾಧಿಸುವ ಬೊಬ್ಬರ್ಯನು ಕಡಲ ವ್ಯಾಪಾರದ ಮುಸಲ್ಮಾನ ಮನೆತನದ ಸಂಬಂಧವುಳ್ಳವನೆಂದು ಪಾಡ್ದನಗಳು ಹೇಳುತ್ತವೆ. ತೆಂಕಣ ನಾಡಿನಲ್ಲಿ ಆರ್ಯಪ್ಪೂಂಗನ್ನಿಯೊಡನೆ ಕಟ್ಟುವ ಬಪ್ಪಿರಿಯನ್ ತೆಯ್ಯಂ ಕೂಡ ಹಡಗಿನ ಕಥೆಯೇ. ಹೊಳೆಯ ಎರಡೂ ಕಡೆಯವರು ಒಂದೇ ಹಡಗನ್ನು ನೆನೆಯುತ್ತಿದ್ದಾರೆಂದು ನನಗೆ ತೋರುತ್ತದೆ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆಮೇಲೆಯೂ ಭಾರದ ಸರಕುಗಳಿಗೆ ಮಂಜಿಗಳೇ ಆಸರೆಯಾಗಿದ್ದವು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನ್‌ದಿವಿ ದ್ವೀಪಗಳು ಆಗ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವೆಂಬುದು ಇಂದಿನ ಅಧ್ಯಾಪಕರಲ್ಲಿಯೂ ಅನೇಕರಿಗೆ ತಿಳಿಯದು. ದ್ವೀಪದವರು ತಮ್ಮ ಓಡಗಳಲ್ಲಿ ಹುರಿಹಗ್ಗವನ್ನು ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಆ ಓಡಗಳೂ ನಾರಿನಿಂದ ಹೊಲಿದವುಗಳೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಆ ದ್ವೀಪಗಳೂ ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶವಾದವು. ನಮ್ಮ ಅಗಲಿಕೆಯ ಬಗೆಗೆ ಬರೆದಿರುವಷ್ಟು ಅವರದರ ಬಗೆಗೆ ಯಾರೂ ಕನ್ನಡದಲ್ಲಿ ಬರೆದಂತಿಲ್ಲ.

ದೋಣಿಯನ್ನು ಹೊಲಿಯುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಅಲೆಯ ಹೊಡೆತಕ್ಕೆ, ಮರಳಿನ ಮೇಲೆ ಎಳೆಯುವ ರಭಸಕ್ಕೆ ಬಿಗಿಯಾದ ಜೋಡಣೆ ಬಿರಿಯುತ್ತದೆ. ಹೊಲಿಗೆಯಾದರೆ ಸ್ವಲ್ಪ ಬಾಗಿ ತಾಳಿಕೊಳ್ಳುತ್ತದೆ. ಹುರಿ ಹಳತಾದಾಗ ಬಿಚ್ಚಿ ಮತ್ತೆ ಹೊಲಿಯಬಹುದು. ಮರಕ್ಕೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿದರೆ ಹುಳು ಹಿಡಿಯದು. ಇಷ್ಟೆಲ್ಲ ತಿಳಿವಳಿಕೆ ನಮ್ಮ ಕಪಾಟಿನ ಆ ಒಂದು ಮೊಳದ ದೋಣಿಯಲ್ಲಿ ಅಡಗಿತ್ತು.

ಮಾದರಿ ದೋಣಿಗಳಿಂದ ಚರಿತ್ರೆಯನ್ನು ಓದುವುದು ಹೊಸತೇನೂ ಅಲ್ಲ. ಈಜಿಪ್ಟಿನ ತುತಾಂಖಾಮನ್ ದೊರೆಯ ಸಮಾಧಿಯಲ್ಲಿ ಇಂಥ 35 ದೋಣಿಗಳು ದೊರೆತವು. ನಮಗೆ ಹೆಚ್ಚು ಹತ್ತಿರದ ಸಂಗತಿಯೆಂದರೆ ಗುಜರಾತಿನ ಲೋಥಲ್. ಐವತ್ತರ ದಶಕದಲ್ಲಿ ಅಲ್ಲಿ ಉತ್ಖನನ ಆರಂಭಿಸಿದವರು ಕನ್ನಡಿಗರಾದ ಡಾ. ಎಸ್. ಆರ್. ರಾವ್. ಅಲ್ಲಿ ಸಿಕ್ಕ ಸುಟ್ಟ ಮಣ್ಣಿನ ದೋಣಿಗಳಲ್ಲಿ ಒಂದಕ್ಕೆ ಪಟದ ಕಂಬವನ್ನು ನಿಲ್ಲಿಸುವ ಕುಳಿಯಿತ್ತು. ನಾಲ್ಕು ಸಾವಿರ ವರ್ಷಗಳ ಹಿಂದೆ ತೇಲಿದ ಮರದ ಹಡಗುಗಳು ಕೊಳೆತುಹೋದವು. ಹಾಯಿ ಕಟ್ಟುವ ವಿದ್ಯೆಗೆ ಸಾಕ್ಷಿಯಾಗಿ ಉಳಿದದ್ದು ಅಂಗೈಯಗಲದ ಮಣ್ಣಿನ ದೋಣಿ. ಅದು ಮಗುವಿನ ಆಟಿಕೆಯಾಗಿದ್ದರೂ ಆಗಿರಬಹುದು. ನಾನು ಗುಜರಿಯ ರಾಶಿಗೆ ಎಸೆದದ್ದು ಏನೆಂಬುದು ಇದನ್ನು ಓದುವಾಗ ಮನಸ್ಸಿಗೆ ನಾಟಿತು.

ನಮ್ಮ ಬಾಲ್ಯದಲ್ಲಿ ಇಂಥ ಹವ್ಯಾಸಕ್ಕೆ ಸಂಘವೂ ಬೇಕಿರಲಿಲ್ಲ, ಹಣವೂ ಬೇಕಿರಲಿಲ್ಲ. ಆಟಿಯ ಮಳೆಗೆ ತೋಡು ತುಂಬಿದರೆ ಅಡಿಕೆಯ ಹಾಳೆಯ ದೋಣಿ, ಗೆರಟೆಯ ದೋಣಿ, ಹಳೆಯ ಕಾಪಿ ಪುಸ್ತಕದ ಹಾಳೆ ಹರಿದು ಮಡಚಿದ ದೋಣಿ. ಜಾತ್ರೆಯಲ್ಲಿ ನಾಲ್ಕು ಕಾಸು ಕೂಡಿಸಿಕೊಂಡವರಿಗೆ ಪಟಪಟ ಸದ್ದು ಮಾಡುವ ತಗಡಿನ ದೋಣಿ. ಪುಟ್ಟ ದೀಪದ ಬಿಸಿಗೆ ನೀರು ಆವಿಯಾಗಿ ಕೊಳವೆಯಿಂದ ನೀರನ್ನು ಹಿಂದಕ್ಕೆ ನೂಕುತ್ತದೆ, ಆವಿ ತಣಿದಾಗ ಸುತ್ತಲಿನ ನೀರು ಒಳಗೆ ಬರುತ್ತದೆ. ನೂಕುವಾಗ ನೀರು ಒಂದೇ ದಿಕ್ಕಿಗೆ ಚಿಮ್ಮುವುದರಿಂದಲೂ ಸೆಳೆಯುವಾಗ ಎಲ್ಲ ದಿಕ್ಕುಗಳಿಂದ ಬರುವುದರಿಂದಲೂ ದೋಣಿ ಮುಂದೆ ಸಾಗುತ್ತದೆ. 1891ರಲ್ಲಿ ಥಾಮಸ್ ಪಿಯೋ ಎಂಬಾತ ಇದಕ್ಕೆ ಹಕ್ಕುಪತ್ರ ಪಡೆದಿದ್ದನೆಂಬುದು ನನಗೆ ಬಿ.ಎಡ್. ಓದುವಾಗಲೂ ಗೊತ್ತಿರಲಿಲ್ಲ. ಹಡಗಿನ ಮಾದರಿಗಳನ್ನು ಕ್ರಮವಾಗಿ ಕಲಿಸುವ ವ್ಯವಸ್ಥೆ ನಮ್ಮ ದೇಶದಲ್ಲಿ ಮುಖ್ಯವಾಗಿ ಇರುವುದು ಎನ್‌.ಸಿ.ಸಿ.ಯ ನೌಕಾ ವಿಭಾಗದಲ್ಲಿ. ಅದರ ಅಖಿಲ ಭಾರತ ನೌಸೈನಿಕ ಶಿಬಿರದಲ್ಲಿ ಇದಕ್ಕೆ ಸ್ಪರ್ಧೆಯೂ ಉಂಟು.

ಕಪಾಟಿನ ದೋಣಿಯನ್ನು ನೋಡಿ ಏಳನೆಯ ತರಗತಿಯ ಎಂಟು ಮಕ್ಕಳು ತಾವೂ ಮಾಡುತ್ತೇವೆಂದು ಹೊರಟರು. ಹಿರಿಯರು ಎರಡು ಶನಿವಾರ ಬಂದು ಹೊಲಿಗೆಯನ್ನು ತೋರಿಸಿಕೊಟ್ಟರು. ಮಳೆನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟ ಮೊದಲನೆಯ ದೋಣಿ ಗಾಳಿ ಬೀಸಿದೊಡನೆ ಮಗುಚಿತು. ಅಳತೆಯೆಲ್ಲ ಸರಿಯಿದೆಯಲ್ಲ ಎಂದು ಮಕ್ಕಳು ಮುಖ ಸಣ್ಣದು ಮಾಡಿಕೊಂಡರು. ಉದ್ದವನ್ನು ಹತ್ತರಲ್ಲೊಂದು ಮಾಡಿದರೆ ಹಾಯಿಯ ವಿಸ್ತೀರ್ಣ ನೂರರಲ್ಲೊಂದಾಗುತ್ತದೆ, ತೂಕ ಸಾವಿರದಲ್ಲೊಂದಾಗುತ್ತದೆ. ಗಾಳಿ ಮಾತ್ರ ಕಿರಿದಾಗುವುದಿಲ್ಲ. ಗಣಿತದ ಅಧ್ಯಾಪಕರು ಇದನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ ಮೇಲೆ, ಅಡಿಯಲ್ಲಿ ಸೀಸದ ತುಂಡೊಂದನ್ನು ಕಟ್ಟಿದರು, ದೋಣಿ ನಿಂತಿತು. ಇಂಗ್ಲೆಂಡಿನ ಟಾರ್ಕೀಯಲ್ಲಿ ವಿಲಿಯಂ ಫ್ರೌಡ್ 1872ರಲ್ಲಿ ತೊಟ್ಟಿಯೊಂದನ್ನು ಕಟ್ಟಿಸಿ ಹಡಗಿನ ಮಾದರಿಗಳನ್ನು ಎಳೆಸಿ ಪರೀಕ್ಷಿಸಿದ್ದು ಇಂಥ ಲೆಕ್ಕಗಳಿಗಾಗಿಯೇ. ಇಪ್ಪತ್ತೈದರಲ್ಲೊಂದು ಉದ್ದದ ಮಾದರಿಯನ್ನು ಐದರಲ್ಲೊಂದು ವೇಗದಲ್ಲಿ ಎಳೆದರೆ ಅಲೆಗಳ ವಿನ್ಯಾಸ ನಿಜವಾದ ಹಡಗಿನದನ್ನೇ ಹೋಲುವುದೆಂದು ಅವನು ಕಂಡುಕೊಂಡನು.

ಮಕ್ಕಳು ಒಂದು ನೋಟುಪುಸ್ತಕವನ್ನೂ ಇಟ್ಟಿದ್ದಾರೆ. ದೋಣಿ, ಓಡ, ತೋಣಿ. ಹುಟ್ಟು, ಚುಕ್ಕಾಣಿ, ಹಾಯಿ, ಪಟ, ಕಡವು. ಕನ್ನಡ, ತುಳು, ಮಲಯಾಳಗಳಲ್ಲಿ ತಮ್ಮ ತಮ್ಮ ಮನೆಗಳಿಂದ ಕೇಳಿ ತಂದ ಮಾತುಗಳು. ಕೆಲವು ಅಂಕಣಗಳು ಇನ್ನೂ ಖಾಲಿಯಾಗಿವೆ. ಸೇತುವೆಗಳಾದ ಮೇಲೆ ಹೊಳೆ ನಮ್ಮ ಮಕ್ಕಳಿಗೆ ಬಸ್ಸಿನ ಕಿಟಕಿಯಿಂದ ಕಾಣುವ ನೋಟವಾಗಿದೆ. ಎಂಟು ಮಂದಿಯಲ್ಲಿ ಈಜು ಬಲ್ಲವನು ಒಬ್ಬನೇ. ಆ ಪದಗಳನ್ನು ಕೇಳಿ ತಿಳಿಯಬಹುದಾದ ಅಜ್ಜ ಅಜ್ಜಿಯರೂ ಈಗ ಕೆಲವೇ ಮನೆಗಳಲ್ಲಿದ್ದಾರೆ.

ಹಳೆಯ ದೋಣಿಯನ್ನು ಕಚೇರಿಯ ಗಾಜಿನ ಕಪಾಟಿನಲ್ಲಿ ಇರಿಸಲಾಗಿದೆ. ಪಕ್ಕದ ಚೀಟಿಯಲ್ಲಿ ಮಾಡಿದವರ ಹೆಸರಿಗೆಂದು ಒಂದು ಗೆರೆಯಷ್ಟು ಜಾಗವನ್ನು ಬಿಟ್ಟಿದ್ದೇವೆ. ಈ ಸಂಚಿಕೆಯನ್ನು ಓದುವ ಹಳೆವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಅದರ ನೆನಪಿದ್ದರೆ ದಯವಿಟ್ಟು ಶಾಲೆಗೆ ಬಂದು ತಿಳಿಸಬೇಕಾಗಿ ವಿನಂತಿ. ಶನಿವಾರ ಮಧ್ಯಾಹ್ನ ಬಂದರೆ ಮಕ್ಕಳೂ ಸಿಗುತ್ತಾರೆ.