ಬೇಡವಾದ ಕಾರುಗಳ ಚರಿತ್ರೆ

'ಬೇಡ' ಅನ್ನೋದು ಸಣ್ಣ ಮಾತಲ್ಲ ವೀಕ್ಷಕರೇ. ರಾಯಚೂರು ಜಿಲ್ಲೆ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ರೈತರನ್ನ ಕೇಳಿ. 2020ರ ನವೆಂಬರ್‌ನಲ್ಲಿ ಆ ಊರಲ್ಲಿ ಧರಣಿ ಶುರುವಾಯ್ತು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಮಾಡಿಕೊಡಿ ಅನ್ನೋದು ಬೇಡಿಕೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಒಣಗಿದ ಹೊಲ. 5ಎ ಬದಲಿಗೆ ನಂದವಾಡಗಿ ಏತ ನೀರಾವರಿ ಇದೆಯಲ್ಲ, ಅದರಲ್ಲಿ ನಿಮ್ಮನ್ನೂ ಸೇರಿಸ್ತೀವಿ ಅಂತು ಸರ್ಕಾರ. ರೈತರು ಬೇಡ ಅಂದ್ರು. ಧರಣಿ ನೂರು ದಿನ ದಾಟಿತು, 2021ರ ಏಪ್ರಿಲ್‌ನಲ್ಲಿ ಬಂದ ಮಸ್ಕಿ ಉಪಚುನಾವಣೆಯ ತನಕ ಆ ಮಾತು ತಣ್ಣಗಾಗಲಿಲ್ಲ.

ಏನೂ ಇಲ್ಲದವರು ಕೊಟ್ಟದ್ದನ್ನ ಯಾಕೆ ಬೇಡ ಅಂತಾರೆ? ಬೆಂಗಳೂರಲ್ಲಿ ಕೂತವರಿಗೆ ಇದು ಹಟ ಅಂತ ಕಾಣುತ್ತೆ. ಹಟ ಅಲ್ಲ, ಲೆಕ್ಕ. ಕಾಲುವೆ ನೀರು ತಾನಾಗಿ ಹರಿದು ಬರುತ್ತೆ. ಏತ ನೀರಾವರಿಗೆ ಕರೆಂಟ್ ಬೇಕು, ಪಂಪ್ ಬೇಕು, ಪೈಪ್ ಬೇಕು. ಇವತ್ತು ಉದ್ಘಾಟನೆ ಮಾಡಿ ಹೋದವರು ನಾಳೆ ಮೋಟಾರ್ ಸುಟ್ಟಾಗ ಬರ್ತಾರಾ? ಕೊಡೋದು ದೊಡ್ಡದಲ್ಲ, ಕೆಟ್ಟಾಗ ಯಾರು ಬರ್ತಾರೆ ಅನ್ನೋದು ದೊಡ್ಡದು.

ಇವತ್ತಿನ ವಿಷಯ ಕಾಲುವೆ ಅಲ್ಲ, ಕಾರು. ಆದ್ರೆ ಲೆಕ್ಕ ಇದೇ. ನಮ್ಮ ಜನ ಯಾವ ಕಾರನ್ನ ಬೇಡ ಅಂದ್ರು, ಯಾಕೆ ಅಂದ್ರು ಅಂತ ಹುಡುಕ್ತಾ ಹೋದ್ರೆ ಪ್ರತಿ ಸಲ ಈ ಪ್ರಶ್ನೆನೇ ಎದುರಾಗುತ್ತೆ. ರಾಯಚೂರು ಕಡೆ ಸೀದಾ ಕೇಳ್ತಾರೆ: "ಇದರ ಸಾಮಾನು ಎಲ್ಲಿ ಸಿಗತಾವ್ರೀ? ನಾಳೆ ಮಾರಾಕ ಹೋದ್ರ ಯಾರು ತೊಗೊಂತಾರ?" ದೊಡ್ಡ ದೊಡ್ಡ ಕಂಪನಿಗಳು ಈ ಎರಡು ಪ್ರಶ್ನೆ ಮುಂದೆ ಮಕಾಡೆ ಮಲಗಿವೆ.

ಒಂದು ಕಾಲದಲ್ಲಿ ಬೇಡ ಅನ್ನೋ ಅವಕಾಶವೇ ಇರಲಿಲ್ಲ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್, ಅಷ್ಟೇ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಬಾಗಿಲು ಸರಿಯಾಗಿ ಮುಚ್ಚದಿದ್ರೂ ತಗೋಬೇಕು, ಗೇರ್ ಬೀಳದಿದ್ರೂ ತಗೋಬೇಕು. ಹಾಗಿದ್ರೂ ಅಂಬಾಸಿಡರ್‌ಗೆ ಒಂದು ಗುಣ ಇತ್ತು. ಯಾವ ಹಳ್ಳಿಯಲ್ಲಿ ಕೆಟ್ಟು ನಿಂತರೂ ಸುತ್ತಿಗೆ, ಸ್ಪ್ಯಾನರ್ ಹಿಡಿದ ಒಬ್ಬ ಮಿಸ್ತ್ರಿ ಅದನ್ನ ಎಬ್ಬಿಸಿ ಕಳಿಸ್ತಿದ್ದ. 2014ರ ಮೇನಲ್ಲಿ ಉತ್ತರಪಾರಾ ಕಾರ್ಖಾನೆ ನಿಲ್ಲೋವರೆಗೆ ಆ ಗಾಡಿ ಬದುಕಿದ್ದು ಸರ್ಕಾರಿ ಆರ್ಡರ್‌ನಿಂದ ಮಾತ್ರ ಅಲ್ಲ, ಈ ಮಿಸ್ತ್ರಿಗಳಿಂದ ಕೂಡ.

ಅಂಥ ಕಾಲದಲ್ಲೂ ಜನ ಬೇಡ ಅಂದ ಕಾರು ಒಂದಿತ್ತು. ಅದು ನಮ್ಮದೇ ಕಾರು!

ಬಹಳ ಜನಕ್ಕೆ ಗೊತ್ತಿಲ್ಲ, ಬೆಂಗಳೂರಿನಲ್ಲಿ 1970ರ ದಶಕದ ಮಧ್ಯದಲ್ಲೇ ಕಾರು ತಯಾರಾಗ್ತಿತ್ತು. ಸನ್‌ರೈಸ್ ಆಟೋ ಇಂಡಸ್ಟ್ರೀಸ್ ಅಂತ ಕಂಪನಿ, ಆಮೇಲೆ ಸಿಪಾನಿ ಆಟೋಮೊಬೈಲ್ಸ್ ಅಂತಾಯ್ತು. ಮೊದಲ ಗಾಡಿಯ ಹೆಸರು ಬಾದಲ್. ಮೂರೇ ಗಾಲಿ. ಹಿಂದುಗಡೆ ಸುಮಾರು 200 ಸಿಸಿಯ ಪುಟ್ಟ ಎಂಜಿನ್, ಮೈಯೆಲ್ಲ ಫೈಬರ್. ಇದು ಕಾರಾ ಆಟೋನಾ? ಕಾರು ಅಂದ್ರೆ ಗಾಲಿ ಮೂರು, ಆಟೋ ಅಂದ್ರೆ ರೇಟು ಜಾಸ್ತಿ. ಎರಡೂ ಅಲ್ಲದ್ದನ್ನ ಜನ ಎರಡೂ ಆಗಿ ಕೊಳ್ಳಲಿಲ್ಲ.

ಕಂಪನಿ ಸೋತು ಕೂರಲಿಲ್ಲ, ಅದನ್ನ ಮೆಚ್ಚಬೇಕು. 1982ರಲ್ಲಿ ಡಾಲ್ಫಿನ್ ತಂತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅನ್ನೋ ಕಾರಿನ ಅಚ್ಚು ಅದು. ನಾಲ್ಕು ಗಾಲಿ, 848 ಸಿಸಿ ಎಂಜಿನ್, ಹಗುರ ಮೈ. ಹಗುರ ಅಂದ್ರೆ ಎಷ್ಟು ಹಗುರ? ಮದ್ರಾಸಿನ ಹತ್ತಿರ ಶೋಲಾವರಂ ರೇಸ್ ಟ್ರ್ಯಾಕ್‌ನಲ್ಲಿ ಈ ಪುಟ್ಟ ಗಾಡಿ ಓಡೋದನ್ನ ನೋಡಿ ರೇಸಿನವರು ಮನಸೋತರು. ರೇಸಿನ ಹುಡುಗರಿಗೆ ಬೇಕಾಯ್ತು, ಸಂಸಾರಸ್ಥರಿಗೆ ಬೇಡವಾಯ್ತು. ಕಾರಣ ಸರಳ. ಎರಡೇ ಬಾಗಿಲು. ನಮ್ಮ ಮನೆಗಳಲ್ಲಿ ಹಿಂದಿನ ಸೀಟಲ್ಲಿ ಕೂರೋರು ಯಾರು? ಸೀರೆ ಉಟ್ಟ ಅಮ್ಮ, ಮಂಡಿ ನೋವಿನ ಅಜ್ಜಿ. ಮುಂದಿನ ಸೀಟು ಬಗ್ಗಿಸಿ, ಅದರ ಸಂದಿಯಲ್ಲಿ ನುಸುಳಿ ಹಿಂದೆ ಹೋಗು ಅಂತ ಅಜ್ಜಿಗೆ ಹೇಳೋಕಾಗುತ್ತಾ? ಇಂಗ್ಲೆಂಡಿನ ಕಿಟನ್‌ಗೆ ಈ ಅಜ್ಜಿ ಗೊತ್ತಿರಲಿಲ್ಲ.

ಇನ್ನೊಂದು, ಫೈಬರ್. ತಗಡು ಜಜ್ಜಿದರೆ ಟಿಂಕರ್ ತಟ್ಟಿ ಸರಿ ಮಾಡ್ತಾನೆ. ಫೈಬರ್ ಒಡೆದ್ರೆ? ಟಿಂಕರ್ ಕೈ ಚೆಲ್ತಾನೆ. ಜನರ ಬಾಯಲ್ಲಿ ಅದು 'ಪ್ಲಾಸ್ಟಿಕ್ ಗಾಡಿ'. ತುಕ್ಕು ಹಿಡಿಯಲ್ಲ ಅನ್ನೋ ಅದರ ದೊಡ್ಡ ಗುಣ ಯಾರ ಕಿವಿಗೂ ಬೀಳಲಿಲ್ಲ. 1983ರ ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಅಲ್ಲಿಗೆ ಡಾಲ್ಫಿನ್ ಕಥೆ ಮುಗಿಯಿತು. ಆಮೇಲೆ ನಾಲ್ಕು ಬಾಗಿಲಿನ ಮೊಂಟಾನಾ ಬಂತು, ಡೀಸೆಲ್ ಬಂತು, ಏನೆಲ್ಲ ಬಂತು. ಹೊತ್ತು ಮೀರಿತ್ತು. ಕನ್ನಡದ ನೆಲದ ಮೊದಲ ಕಾರು ಕಂಪನಿಯನ್ನ 1990ರ ದಶಕದಲ್ಲಿ ನಾವು ಸದ್ದಿಲ್ಲದೆ ಮರೆತೆವು. ಎಚ್‌ಎಂಟಿ ವಾಚಿಗೆ ಕಣ್ಣೀರು ಹಾಕಿದವರು ಡಾಲ್ಫಿನ್‌ಗೆ ಒಂದು ಹನಿ ಹಾಕಲಿಲ್ಲ.

ಎರಡನೇ ಸಲ ಬೆಂಗಳೂರು ಕಾರು ಮಾಡಿದಾಗ ಜಗತ್ತಿಗಿಂತ ಹತ್ತು ವರ್ಷ ಮುಂದಿತ್ತು. ರೇವಾ. 1994ರಲ್ಲಿ ಶುರುವಾದ ಕಂಪನಿ, ಮೈನಿ ಸಮೂಹದ್ದು, ಚೇತನ್ ಮೈನಿ ಅವರ ಕನಸು. 2001ರಲ್ಲಿ ರಸ್ತೆಗೆ ಬಂತು. ಪೆಟ್ರೋಲಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಇವತ್ತು ಎಲೆಕ್ಟ್ರಿಕ್ ಕಾರು ಅಂತ ಎಲ್ಲರೂ ಕುಣೀತಾರಲ್ಲ, ಆಗ ಟೆಸ್ಲಾ ಅನ್ನೋ ಕಂಪನಿ ಹುಟ್ಟೇ ಇರಲಿಲ್ಲ!

ಜನ ಏನಂದ್ರು? ಬೇಡ.

ಮತ್ತೆ ಅದೇ ಎರಡು ಬಾಗಿಲು. ಮುಂದೆ ಇಬ್ಬರು, ಹಿಂದೆ ಮಕ್ಕಳು ಮಾತ್ರ. ಒಮ್ಮೆ ಚಾರ್ಜ್ ಮಾಡಿದ್ರೆ ಸುಮಾರು 80 ಕಿಲೋಮೀಟರ್. ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಬರೋರಿಗೆ ಅಷ್ಟು ಸಾಕು. ಆದ್ರೆ ಪಾಮನಕಲ್ಲೂರಿನಿಂದ ರಾಯಚೂರಿಗೆ ಆಸ್ಪತ್ರೆಗೆ ಹೋದವರು ವಾಪಸ್ ಬರೋದು ಹೇಗೆ? ಹಳ್ಳಿಯಲ್ಲಿ ಕರೆಂಟ್ ಬರೋದೇ ರಾತ್ರಿ ಸರದಿ, ಮೂರು ಫೇಸ್ ಬಂದ ಹೊತ್ತಲ್ಲಿ ಪಂಪ್‌ಸೆಟ್ ಓಡಿಸ್ತಾರೋ ಕಾರು ಚಾರ್ಜ್ ಮಾಡ್ತಾರೋ? ಸೀಸದ ಬ್ಯಾಟರಿ ಬೇರೆ. ಅದು ಸತ್ತ ದಿನ ಹೊಸದು ಹಾಕಿಸೋಕೆ ಸಣ್ಣ ಮೊತ್ತ ಸಾಲಲ್ಲ.

ವಿಚಿತ್ರ ನೋಡಿ, ಬೆಂಗಳೂರಲ್ಲಿ ಹುಟ್ಟಿದ ಈ ಕಾರಿಗೆ ಮರ್ಯಾದೆ ಸಿಕ್ಕಿದ್ದು ಲಂಡನ್‌ನಲ್ಲಿ. ಜಿ-ವಿಜ್ ಅಂತ ಹೆಸರಿಟ್ಟು ಸಾವಿರಕ್ಕೂ ಹೆಚ್ಚು ಕಾರುಗಳನ್ನ ಅಲ್ಲಿ ಕೊಂಡರು. ಪರಿಸರದ ಮೇಲಿನ ಪ್ರೀತಿ ಅಂತೀರಾ? ಸ್ವಲ್ಪ ಇರಬಹುದು. ನಿಜವಾದ ಕಾರಣ, ಲಂಡನ್ ನಗರದೊಳಗೆ ಗಾಡಿ ತಂದ್ರೆ 2003ರಿಂದ ದಿನಕ್ಕಿಷ್ಟು ಅಂತ ಶುಲ್ಕ, ಎಲೆಕ್ಟ್ರಿಕ್ ಕಾರಿಗೆ ವಿನಾಯ್ತಿ. ಅಲ್ಲಿಯವರೂ ಲೆಕ್ಕ ಹಾಕಿದ್ರು, ಇಲ್ಲಿಯವರೂ ಲೆಕ್ಕ ಹಾಕಿದ್ರು. ಅಲ್ಲಿನ ಸರ್ಕಾರ ಲೆಕ್ಕವನ್ನ ಕಾರಿನ ಕಡೆ ವಾಲಿಸಿತು, ನಮ್ಮದು ವಾಲಿಸಲಿಲ್ಲ, ಅಷ್ಟೇ ವ್ಯತ್ಯಾಸ. ಕರ್ನಾಟಕ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದಿದ್ದು 2017ರಲ್ಲಿ. ರೇವಾ ಕಂಪನಿ 2010ರಲ್ಲೇ ಮಹೀಂದ್ರಾ ಪಾಲಾಗಿತ್ತು. ನೀತಿ ಬಂದಾಗ ಮನೆ ಮಗಳು ಗಂಡನ ಮನೆ ಸೇರಿ ಏಳು ವರ್ಷ!

ಇನ್ನು ನ್ಯಾನೋ. 2008ರ ಜನವರಿ 10, ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ರತನ್ ಟಾಟಾ ಒಂದು ಲಕ್ಷ ರೂಪಾಯಿ ಕಾರು ತೋರಿಸಿದ್ರು. ಸಿಂಗೂರಿನಲ್ಲಿ ರೈತರು ಭೂಮಿ ಬೇಡ, ಕೊಡಲ್ಲ ಅಂದ್ರು. ಟಾಟಾ ಅಲ್ಲಿಂದ ಕಾಲ್ತೆಗೆದಾಗ ಕರೆದ ರಾಜ್ಯಗಳಲ್ಲಿ ನಮ್ಮದೂ ಒಂದು. ಯಡಿಯೂರಪ್ಪ ಸರ್ಕಾರ ಧಾರವಾಡದ ಹತ್ತಿರ ಜಾಗ ಕೊಡ್ತೀವಿ ಅಂತು. ಕೊನೆಗೆ ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯ್ತು. ಅವತ್ತು ಇಲ್ಲಿ ಎಷ್ಟು ಜನ ಕೈ ಹಿಸುಕಿಕೊಂಡ್ರು! ಈಗ ತಿರುಗಿ ನೋಡಿದ್ರೆ, ತಪ್ಪಿದ್ದೇ ಒಳ್ಳೇದಾಯ್ತೇನೋ. ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡೋ ಕಾರ್ಖಾನೆ, ಅತಿ ಹೆಚ್ಚು ಮಾರಿದ 2011-12ರಲ್ಲೂ 74 ಸಾವಿರ ಚಿಲ್ಲರೆ ದಾಟಲಿಲ್ಲ. 2018ರ ಜೂನ್ ತಿಂಗಳಲ್ಲಿ ತಯಾರಾದ ನ್ಯಾನೋ ಎಷ್ಟು ಗೊತ್ತಾ? ಒಂದು.

ಬೆಂಕಿ ಹತ್ತಿದ್ದಕ್ಕೆ ಜನ ಹೆದರಿದ್ರು ಅಂತಾರೆ. 2010ರಲ್ಲಿ ಒಂದಷ್ಟು ನ್ಯಾನೋ ಉರಿದದ್ದು ನಿಜ, ಟಿವಿಯಲ್ಲಿ ಆ ದೃಶ್ಯ ತಿರುಗಿ ತಿರುಗಿ ಬಂದದ್ದೂ ನಿಜ. ಆದ್ರೆ ನನ್ನ ಪ್ರಕಾರ ನ್ಯಾನೋವನ್ನ ಸುಟ್ಟಿದ್ದು ಬೆಂಕಿ ಅಲ್ಲ, 'ಅಗ್ಗದ ಕಾರು' ಅನ್ನೋ ಹೆಸರು. ನಮ್ಮಲ್ಲಿ ಕಾರು ಕೊಳ್ಳೋದು ಓಡಾಡೋಕೆ ಮಾತ್ರ ಅಲ್ಲ. ಬೀಗರ ಮನೆ ಮುಂದೆ ನಿಲ್ಲಿಸೋಕೆ. ಮಗಳ ಮದುವೆ ಮಾಡೋ ಅಪ್ಪ ಟ್ರ್ಯಾಕ್ಟರ್‌ನಲ್ಲಿ ಹೋದ್ರೆ ರೈತ ಅಂತಾರೆ, ಬೈಕ್‌ನಲ್ಲಿ ಹೋದ್ರೆ ಸರಳ ಅಂತಾರೆ, ನ್ಯಾನೋದಲ್ಲಿ ಹೋದ್ರೆ 'ಇವರ ಕೈಲಿ ಇಷ್ಟೇ ಆಗಿದ್ದು' ಅಂತಾರೆ. ಬಡವರಿಗಾಗಿ ಮಾಡಿದ ಕಾರು ಅಂತ ಡಂಗುರ ಹೊಡೆದ ಮೇಲೆ ಅದನ್ನ ಕೊಂಡು ಯಾರು ತಾನೇ ನಾನು ಬಡವ ಅಂತ ಬೋರ್ಡ್ ಹಾಕ್ಕೋತಾರೆ? ಅದನ್ನ ಅಗ್ಗದ ಕಾರು ಅಂತ ಮಾರಿದ್ದೇ ತಪ್ಪಾಯ್ತು ಅಂತ ರತನ್ ಟಾಟಾ ಅವರೇ ಆಮೇಲೆ ಹೇಳಿದ್ದಾರೆ.

ಮರ್ಯಾದೆಯ ಇದೇ ಪ್ರಶ್ನೆ ಬಿಡದಿಯ ಎಟಿಯೋಸ್‌ಗೂ ಎದುರಾಯ್ತು. ಗಟ್ಟಿಮುಟ್ಟು ಕಾರು, ಟ್ಯಾಕ್ಸಿಯವರು ಮುಗಿಬಿದ್ದು ಕೊಂಡರು. ಟ್ಯಾಕ್ಸಿಯವರು ಕೊಂಡರು ಅನ್ನೋ ಕಾರಣಕ್ಕೇ ಬಿಳಿ ಬೋರ್ಡಿನವರು ದೂರ ಸರಿದ್ರು. ದಿನಾ ಮುನ್ನೂರು ಕಿಲೋಮೀಟರ್ ಓಡಿಸೋ ಚಾಲಕನ ಸರ್ಟಿಫಿಕೇಟ್‌ಗಿಂತ ದೊಡ್ಡ ಸರ್ಟಿಫಿಕೇಟ್ ಇದೆಯಾ? ಅದನ್ನೇ ನಾವು ಕಳಂಕ ಅಂದುಕೊಂಡ್ವಿ. ಹಳ್ಳಿ ಕಡೆಯವರು ಈ ವಿಷಯದಲ್ಲಿ ಜಾಣರು. ಬಾಡಿಗೆ ಗಾಡಿಯವರು ಏನು ಓಡಿಸ್ತಾರೋ ಅದನ್ನೇ ಕೊಳ್ತಾರೆ.

ಇನ್ನು ಅನಾಥ ಬ್ರ್ಯಾಂಡುಗಳು. ದೇವೂ ಹೋಯ್ತು, 2017ರಲ್ಲಿ ಶೆವರ್ಲೆ ಮಾರಾಟ ನಿಲ್ಲಿಸಿತು, 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿ ಕಾರು ಮಾಡೋದನ್ನ ಬಿಡ್ತೀನಿ ಅಂತು. ಕಂಪನಿ ಹೋದ ಮರುದಿನ ಸೆಕೆಂಡ್ ಹ್ಯಾಂಡ್ ರೇಟು ನೆಲಕ್ಕೆ. ಆಗ ನೆನಪಾಗುತ್ತೆ, ಸಾಮಾನು ಎಲ್ಲಿ ಸಿಗತಾವ ಅಂತ ಕೇಳಿದ ರೈತ ದಡ್ಡ ಆಗಿರಲಿಲ್ಲ ಅಂತ.

ಹಾಗಾದ್ರೆ ಗಿರಾಕಿ ಯಾವಾಗಲೂ ಸರಿನಾ? ಅಲ್ಲ. ಇಲ್ಲೇ ನನಗೆ ಸಿಟ್ಟು ಬರೋದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಸಿಎಪಿ ಅನ್ನೋ ಸಂಸ್ಥೆ ಭಾರತದ ಐದು ಪುಟ್ಟ ಕಾರುಗಳನ್ನ ಗೋಡೆಗೆ ಗುದ್ದಿಸಿ ನೋಡಿತು. ಆಲ್ಟೊ, ಐ10, ಫಿಗೊ, ಪೋಲೊ, ನ್ಯಾನೋ. ಏರ್‌ಬ್ಯಾಗ್ ಇಲ್ಲದ ಮಾದರಿಗಳು. ಐದಕ್ಕೂ ಸೊನ್ನೆ. ಆವತ್ತು ಜನ ಬೇಡ ಅಂದ್ರಾ? ಆಲ್ಟೊ ಮಾರಾಟದಲ್ಲಿ ಮುಂದೇ ಇತ್ತು. ಎರಡು ಬಾಗಿಲಿಗೆ ಬೇಡ ಅಂದವರು, ಫೈಬರ್‌ಗೆ ಬೇಡ ಅಂದವರು, ಹೆಸರಿಗೆ ಬೇಡ ಅಂದವರು ಸೊನ್ನೆಗೆ ಸುಮ್ಮನಿದ್ರು. "ಎಷ್ಟು ಮೈಲೇಜ್ ಕೊಡುತ್ತೆ?" ಅಂತ ಕೇಳೋ ಬಾಯಿ "ಗುದ್ದಿದ್ರೆ ಉಳೀತೀವಾ?" ಅಂತ ಕೇಳಲಿಲ್ಲ. 2018ರಲ್ಲಿ ಟಾಟಾ ನೆಕ್ಸಾನ್‌ಗೆ ಐದು ಸ್ಟಾರ್ ಬಂದ ಮೇಲೆ ಶೋರೂಮ್‌ಗಳಲ್ಲಿ 'ಸ್ಟಾರ್ ಎಷ್ಟು' ಅನ್ನೋ ಮಾತು ಕೇಳಿಬರ್ತಿದೆ. ತಡವಾದ್ರೂ ಒಳ್ಳೇದು.

ಆದ್ರೆ ಶೋರೂಮ್ ಮೆಟ್ಟಿಲು ಹತ್ತದವರ ಕಥೆ? ಮಸ್ಕಿ, ಲಿಂಗಸುಗೂರು, ಮಾನ್ವಿ, ದೇವದುರ್ಗದ ಕಡೆ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗ್ತಾರೆ. ತುಂಗಭದ್ರಾ ಎಡದಂಡೆ ನೀರು ಕುಡಿದ ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಶೋರೂಮ್‌ಗಳಿವೆ, ಭತ್ತದ ಗದ್ದೆಗಳಿವೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ನೀರಿಲ್ಲದ ಊರುಗಳಲ್ಲಿ ಬೀಗ ಹಾಕಿದ ಮನೆಗಳಿವೆ. ಆ ಮನೆಯವರು ಬೆಂಗಳೂರಿಗೆ ಬರೋದು ಕ್ರೂಸರ್‌ನಲ್ಲಿ. ಬಾಡಿಗೆ ಹಂಚಿಕೊಂಡ್ರೆ ಕಡಿಮೆ ಬೀಳುತ್ತೆ, ಗಂಟುಮೂಟೆ ಟಾಪ್ ಮೇಲೆ, ಮಕ್ಕಳು ತೊಡೆ ಮೇಲೆ. ಗಾಡಿಯದ್ದು ತಪ್ಪಲ್ಲ, ಹದಿಮೂರು ಜನಕ್ಕೆ ಮಾಡಿದ್ದರಲ್ಲಿ ಅದರ ಎರಡರಷ್ಟು ಜನ ಕೂತ್ರೆ ಯಾವ ಗಾಡಿ ತಾನೇ ತಡೆಯುತ್ತೆ?

2022ರ ಆಗಸ್ಟ್ 25ರ ನಸುಕಿನಲ್ಲಿ, ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹತ್ತಿರ, ರಾಷ್ಟ್ರೀಯ ಹೆದ್ದಾರಿಯಲ್ಲಿ ಅಂಥದ್ದೇ ಒಂದು ಕ್ರೂಸರ್‌ಗೂ ಲಾರಿಗೂ ಡಿಕ್ಕಿಯಾಯ್ತು. ಒಳಗಿದ್ದವರು ಇಪ್ಪತ್ತಕ್ಕೂ ಹೆಚ್ಚು. ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು. ಒಂಬತ್ತು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಪ್ರಧಾನಿ ಪರಿಹಾರ ನಿಧಿಯಿಂದ ತಲಾ 2 ಲಕ್ಷ ಘೋಷಣೆಯಾಯ್ತು.

ಡಾಲ್ಫಿನ್ ಬೇಡ ಅಂದವರಿಗೆ ಮಾರುತಿ ಇತ್ತು. ರೇವಾ ಬೇಡ ಅಂದವರಿಗೆ ಪೆಟ್ರೋಲ್ ಕಾರಿತ್ತು. ನ್ಯಾನೋ ಬೇಡ ಅಂದವರಿಗೆ ಆಲ್ಟೊ ಇತ್ತು. ಆ ಕ್ರೂಸರ್ ಬಾಗಿಲಲ್ಲಿ ನಿಂತು, ಒಳಗೆ ಜಾಗ ಇಲ್ಲ, ನಾ ಬರಂಗಿಲ್ಲ ಅಂತ ಅನ್ನಬೇಕಿದ್ದ ಹೆಣ್ಣುಮಗಳಿಗೆ ಇದ್ದದ್ದು ಏನು? ಅವರ ಊರಿನ ಹೊಲಕ್ಕೆ ನೀರು ಬಂದಿದ್ರೆ ಆ ರಾತ್ರಿ ಅವರು ಮನೆಯಲ್ಲಿ ಮಲಗಿರ್ತಿದ್ರು.